ಅತ್ತೆಯ ಬೆರಳಿಗೆ ಎರಡು ಆಕ್ಸಿಮೀಟರ್

ಬೆರಳು ಒಂದೇ, ಯಂತ್ರ ಎರಡು. ನಮ್ಮ ಮನೆಯ ಆಕ್ಸಿಮೀಟರ್ ಎಂಬತ್ತಾರು ಅಂದಿತು. ಪಕ್ಕದ ಮನೆಯ ಸೆಲ್ವಿ ಅಕ್ಕ ಗೇಟಿಗೆ ತೂಗುಹಾಕಿ ಹೋಗಿದ್ದು ತೊಂಬತ್ತೈದು ಅಂದಿತು. ಬೆರಳು ನನ್ನ ಅತ್ತೆಯದು. ನೀವಾಗಿದ್ದರೆ ಯಾವುದನ್ನು ನಂಬುತ್ತಿದ್ದಿರಿ?

(ನಾನಂತೂ ತೊಂಬತ್ತೈದನ್ನು. ಒಳ್ಳೆಯ ಸುದ್ದಿ ಹೇಳುವವರ ಮೇಲೆ ನಂಬಿಕೆ ಬೇಗ ಬರುತ್ತದೆ.)

ಮೂರು ತಿಂಗಳಿಗೆಂದು ಮೈಸೂರಿನಿಂದ ಮಲೇಷ್ಯಾದ ಸುಬಾಂಗ್ ಜಯಾಕ್ಕೆ ಬಂದ ಅತ್ತೆ, ವಿಮಾನಗಳು ನಿಂತು ಇಲ್ಲೇ ವರ್ಷ ಕಳೆದಿದ್ದರು. ಲಾಕ್‌ಡೌನ್ ಮಧ್ಯೆಯೇ ಅವರಿಗೆ ಕೋವಿಡ್ ಬಂತು. ಮಹಡಿಯ ರೂಮಿನಲ್ಲಿ ಅವರು, ಬಾಗಿಲಾಚೆ ಕುರ್ಚಿ ಹಾಕಿಕೊಂಡು ನಾನು.

ಎರಡು ದಿನಗಳಿಂದ ಅವರ ಮಾತು ಒಂದೊಂದೇ ಪದಕ್ಕೆ ಇಳಿದಿತ್ತು. ಊಟ ಬೇಕಾ ಎಂದರೆ "ಬೇಡ". ಹೇಗಿದ್ದೀರಿ ಎಂದರೆ "ಹೂಂ". ಹೂಕೋಸಿನ ರೇಟು ಕೇಳಿದರೆ ಹದಿನೈದು ನಿಮಿಷ ಮಾತಾಡುವ ಹೆಂಗಸು! ನನಗೆ ಅರ್ಥವಾಗಿದ್ದು ಇಷ್ಟೇ: ಅತ್ತೆಗೆ ಸಿಟ್ಟು. ಅಡುಗೆ ಮಾಡಲಾಗದೆ ಬೀದಿ ಕೊನೆಯ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್ ಊಟ, ತರಿಸಿದ್ದೆನಲ್ಲ, ಅದಕ್ಕೇ ಇರಬೇಕು. ನನಗೂ ಸಿಟ್ಟು ಬಂತು. ನಾನೂ ಮಾತು ಕಡಿಮೆ ಮಾಡಿದೆ.

ಮೂರನೇ ದಿನ ಮಧ್ಯಾಹ್ನ ಈ ಎಂಬತ್ತಾರು, ತೊಂಬತ್ತೈದರ ಗೊಂದಲ. ಎರಡನ್ನೂ ನನ್ನ ಬೆರಳಿಗೇ ಹಾಕಿ ನೋಡಿದೆ. ಎರಡೂ ತೊಂಬತ್ತೇಳು! ಹಾಗಾದರೆ ಕೆಟ್ಟಿರುವುದು ಯಾವುದು? ಸೆಲ್ವಿ ಅಕ್ಕನದು ಹೊಸದು, ಅದೇ ಸರಿ ಎಂದ ನನ್ನ ಗಂಡ ರಘು. ಮಗಳು ಫೋನಿನಿಂದ ತಲೆ ಎತ್ತದೆ "ಟೇಕ್ ದಿ ಆವರೇಜ್ ಲಾ, ಮಮ್ಮಿ" ಅಂದಳು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾವು ಆವರೇಜನ್ನೂ ತೆಗೆದೆವು. ತೊಂಬತ್ತೂವರೆ. ಅದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಯಾರಿಗೂ ತಿಳಿಯಲಿಲ್ಲ.

ಕೊನೆಗೆ, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಉಡುಪಿಯ ಸುಧಾಕರ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿದೆ. ನಂಬರುಗಳನ್ನೆಲ್ಲ ಒಪ್ಪಿಸಿದೆ.

"ಮೆಷಿನ್ ಆಚೆ ಇಡಿ ಮಾರಾಯ್ರೆ," ಅಂದರು. "ಅಮ್ಮನ ಹತ್ರ ನಾಲ್ಕು ಮಾತು ಆಡಿಸಿ. ನಾನು ಕೇಳ್ಬೇಕು."

ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ, ಸಾರಿನಪುಡಿ ಹೇಗೆ ಮಾಡುವುದೆಂದು ಅತ್ತೆಯನ್ನು ಕೇಳಿದೆ.

"ಧನಿಯಾ..." ಒಂದು ಉಸಿರು. "ಮೆಣಸಿನಕಾಯಿ..." ಇನ್ನೊಂದು ಉಸಿರು. "ಹುರಿದು..."

ಅಷ್ಟೇ. ಡಾಕ್ಟರು ಆಂಬುಲೆನ್ಸ್ ಕರೆಯಲು ಹೇಳಿದರು.

ಬಿಳಿ ಸೂಟಿನವರು ಬಂದು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದರು. ಜೊತೆಗೆ ಹೋಗುವಂತಿರಲಿಲ್ಲ. ರಘು ಗೇಟಿನ ಸರಳು ಹಿಡಿದು ನಿಂತಿದ್ದ. ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದಾಗ ಆಕ್ಸಿಜನ್ ನಿಜಕ್ಕೂ ಕಡಿಮೆಯಿತ್ತು. ಹಾಗಾದರೆ ನಮ್ಮ ಯಂತ್ರವೇ ಸರಿ, ಅಲ್ಲವೇ? ಸುಧಾಕರ ಡಾಕ್ಟರು ಅದನ್ನೂ ಒಪ್ಪಲಿಲ್ಲ. ಇದು ಬೆರಳಿನೊಳಗೆ ಬೆಳಕು ಹಾಯಿಸಿ ಲೆಕ್ಕ ಹಾಕುವ ಯಂತ್ರವಂತೆ. ಬೆರಳು ತಣ್ಣಗಿದ್ದರೆ ತಪ್ಪಬಹುದು. ಚರ್ಮದ ಬಣ್ಣ ಗಾಢವಾಗಿದ್ದರೆ ಇರುವುದಕ್ಕಿಂತ ಜಾಸ್ತಿಯೂ ತೋರಿಸಬಹುದು. ನಿಮ್ಮದು ಅವತ್ತು ಸತ್ಯಕ್ಕೆ ಹತ್ತಿರ ಇತ್ತು ಅಷ್ಟೇ, ಅಂದರು. ಇದರಿಂದ ನನ್ನ ಗೊಂದಲ ಕಡಿಮೆಯಾಯಿತೇ? ಖಂಡಿತ ಇಲ್ಲ.

ಹನ್ನೆರಡು ದಿನದ ಮೇಲೆ ಅತ್ತೆ ಮನೆಗೆ ಬಂದರು. ತೆಳ್ಳಗಾಗಿದ್ದರು. ಗಂಜಿ ಕೊಡುತ್ತಾ, ನನ್ನ ಮೇಲೆ ಅವತ್ತು ಸಿಟ್ಟಿತ್ತಾ ಎಂದು ಕೇಳಿದೆ.

"ಉಸಿರಿದ್ರೆ ತಾನೆ ಸಿಟ್ಟು ಮಾಡ್ಕೊಳ್ಳೋದು?" ಅಂದರು. "ನೀನು ಮಾತಾಡ್ತಿರ್ಲಿಲ್ಲ. ನಿನಗೇ ನನ್ನ ಮೇಲೆ ಸಿಟ್ಟು ಅಂದ್ಕೊಂಡೆ ಕಣೆ. ಅದಕ್ಕೇ ಹೇಳ್ಲಿಲ್ಲ."

ಬಾಗಿಲಾಚೆಯೇ ಕೂತಿದ್ದ ನಾನು ಅವರ ಏದುಸಿರನ್ನು ಮುನಿಸು ಎಂದು ಓದಿಕೊಂಡಿದ್ದೆ. ಇನ್ನು ಯಂತ್ರದ ತಪ್ಪನ್ನು ಯಾವ ಬಾಯಲ್ಲಿ ಎತ್ತಿ ಆಡಲಿ?