ಮೂರನೇ ಸಾಲಿನ ಉಸಿರು

ತಪ್ಪು ಮನುಷ್ಯನದು, ಹಿತ್ತಾಳೆಯದಲ್ಲ. ಪೊಲೀಸ್ ಬ್ಯಾಂಡಿಗೆ ಸೇರಿದ ಮೊದಲ ವಾರವೇ ನಮಗೆ ಕಲಿಸಿದ ಪಾಠ ಇದು. ವಾದ್ಯದ ಮೇಲೆ ತಪ್ಪು ಹೊರಿಸಿದವನು ಸಂಜೆಯವರೆಗೆ ಅದನ್ನು ಒರೆಸುತ್ತ ಕೂರಬೇಕಿತ್ತು. ಹಾಗಾಗಿ ವಾದ್ಯಕ್ಕೂ ಜೀವವಿದೆ, ಅದು ತನ್ನ ಹಳೆಯ ಒಡೆಯನನ್ನು ಮರೆಯುವುದಿಲ್ಲ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಈಗ ಎದ್ದು ಹೋಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ನೀವೇ ತೂಗಿ ನೋಡಿ.

ನಿವೃತ್ತನಾಗಿ ಆಳಂದಕ್ಕೆ ಬಂದ ಮೇಲೆ ಅಫಜಲಪುರದ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಟೆನರ್ ಸ್ಯಾಕ್ಸೊಫೋನ್ ಒಂದು ಕಣ್ಣಿಗೆ ಬಿತ್ತು. ಸರ್ವಿಸ್ ಪೂರ್ತಿ ನಾನು ಊದಿದ್ದು ಕ್ಲಾರಿನೆಟ್. ಟೆನರ್ ಮೇಲೆ ಆಸೆ ಮಾತ್ರ ಇತ್ತು. ಅದರ ದನಿ ಗಂಡಸೊಬ್ಬ ಅಳು ನುಂಗಿಕೊಂಡು ಮಾತಾಡಿದ ಹಾಗೆ. ಎದೆಗೆ ಆನಿಸಿಕೊಂಡು ಊದಿದರೆ ಪಕ್ಕೆಲುಬಿಗೂ ಕೇಳಿಸುತ್ತದೆ. ಅಂಗಡಿಯಲ್ಲಿದ್ದದ್ದು ಕಪ್ಪುಗಟ್ಟಿ, ಬಾಯಿ ನೆಗ್ಗಿ, ತೂತು ಮುಚ್ಚುವ ಚರ್ಮದ ಪ್ಯಾಡುಗಳನ್ನೆಲ್ಲ ಇಲಿಗೆ ಕೊಟ್ಟು ಮೂಲೆಯಲ್ಲಿ ಬಿದ್ದಿತ್ತು. ಸೊಲ್ಲಾಪುರದ ರಿಪೇರಿಯವನು ಅದನ್ನು ಪೂರ್ತಿ ಬಿಚ್ಚಿ, ನೆಗ್ಗು ತೆಗೆದು, ಹೊಸ ಪ್ಯಾಡು ಕೂರಿಸಿ, ಬಂಗಾರದಂತೆ ಹೊಳೆಯುವ ಪಾಲಿಶ್ ಕೊಟ್ಟ. ಬಲಗೈ ಹೆಬ್ಬೆರಳು ಇಡುವ ಕೊಂಡಿಯ ಅಡಿಗೆ ಯಾರೋ ಸವೆದ ತಾಮ್ರದ ನಾಣ್ಯವೊಂದನ್ನು ಬೆಸೆದಿದ್ದರು. ತೆಗೆಯಲೇ ಎಂದು ಕೇಳಿದ. ಬೆರಳು ಚೆನ್ನಾಗಿ ಕೂರುತ್ತಿತ್ತು, ಇರಲಿ ಎಂದೆ.

ಆ ವರ್ಷವೇ ತಮ್ಮನ ಮಗಳು ಸವಿತಾಳ ಮದುವೆ ನಿಶ್ಚಯವಾಯಿತು. ತಮ್ಮ ತೀರಿಹೋಗಿದ್ದ. ಅವನಿಗೆ ಬ್ಯಾಂಡ್ ಎಂದರೆ ಪ್ರಾಣ, ಯಾರ ಮೆರವಣಿಗೆಯಾದರೂ ಹಿಂದೆ ನಡೆದುಬಿಡುತ್ತಿದ್ದ. ಸವಿತಾ ಒಂದು ದಿನ ಬಂದು, “ದೊಡ್ಡಪ್ಪ, ನನ್ನ ಕಳಿಸೂಮುಂದ ಡಿಜೆ ಬ್ಯಾಡ್ರಿ. ಅಪ್ಪ ಇದ್ದಿದ್ರ ನಿಮಗ ಊದಂತಿದ್ದ,” ಎಂದಳು. ಹೆಣ್ಣನ್ನು ಕಳಿಸುವಾಗ ನಮ್ಮ ಕಡೆಯ ಬ್ಯಾಂಡಿನವರು ಬಾರಿಸುವ ಹಳೆಯ ಧಾಟಿಯೊಂದಿದೆ. ಅದನ್ನು ಎಲ್ಲೂ ಮುರಿಯದೆ ಊದುತ್ತೇನೆಂದು ಅವಳಿಗೆ ಮಾತು ಕೊಟ್ಟೆ. ತಂದೆಯ ಜಾಗದಲ್ಲಿ ನಿಂತವನು ನಾನು. ಮಾತು ತಪ್ಪುವಂತಿರಲಿಲ್ಲ.

ಬೆಳಿಗ್ಗೆ ಐದಕ್ಕೆ ಏಳುವುದು, ನಡೆದು ಬರುವುದು, ಆರಕ್ಕೆ ಅಭ್ಯಾಸ. ಮೊದಲೆರಡು ಸಾಲು ಸರಾಗ. ಮೂರನೇ ಸಾಲಿನಲ್ಲಿ ಧಾಟಿ ಮೇಲಕ್ಕೇರುವ ಕಡೆ ನನ್ನ ಉಸಿರು ನಿಂತುಬಿಡುತ್ತಿತ್ತು. ಎದೆಯಲ್ಲಿ ಗಾಳಿ ಇರುತ್ತಿತ್ತು, ತುಟಿ ಬಿಗಿಯಾಗಿರುತ್ತಿತ್ತು, ಆದರೂ ಯಾರೋ ಒಳಗಿನಿಂದ ಅಗಳಿ ಹಾಕಿಕೊಂಡಂತೆ. ಮರುಗಳಿಗೆ ತಾನಾಗಿ ತೆರೆದುಕೊಳ್ಳುವುದು. ಅದೇ ಸಾಲನ್ನು ಕ್ಲಾರಿನೆಟ್‌ನಲ್ಲಿ ಊದಿದರೆ ಏನೂ ಇಲ್ಲ. ವಾದ್ಯವನ್ನು ಮತ್ತೆ ಸೊಲ್ಲಾಪುರಕ್ಕೆ ಒಯ್ದೆ. ರಿಪೇರಿಯವನು ಒಳಗೆ ದೀಪ ಇಳಿಬಿಟ್ಟು ನೋಡಿದ. ಎಲ್ಲೂ ಗಾಳಿ ಸೋರುತ್ತಿರಲಿಲ್ಲ. “ವಾದ್ಯಕ್ಕ ಪಾಲಿಶ್ ಹಾಕೀನ್ರಿ ಸಾಹೇಬ್ರ, ನಿಮ್ಮ ಎದಿಗಿ ಹಾಕಾಕ ಬರಂಗಿಲ್ಲ,” ಎಂದು ನಕ್ಕ. ಡಾಕ್ಟರಿಗೆ ಎದೆ ತೋರಿಸಿದೆ. ಅಲ್ಲೂ ದೋಷವಿಲ್ಲ. ಹಾಗಾದರೆ ತಪ್ಪು ನನ್ನ ಅಭ್ಯಾಸದ್ದೇ ಎಂದುಕೊಂಡು ಸಂಜೆಯೂ ಊದತೊಡಗಿದೆ. ಮದುವೆಯ ಹಿಂದಿನ ದಿನವೂ ಉಸಿರು ಅಲ್ಲೇ ನಿಂತಿತು.

ಜೊತೆಗೆ ಡ್ರಮ್ ಬಾರಿಸಲು ಮಟಕಿ ಹಳ್ಳಿಯ ಲಕ್ಷ್ಮಣ ಎಂಬವನನ್ನು ಯಾರೋ ಗೊತ್ತು ಮಾಡಿದ್ದರು. ಹಿಂದೆ ಜೇವರ್ಗಿಯ ಬ್ಯಾಂಡೊಂದರಲ್ಲಿದ್ದ, ಈಗ ಹೊಲದ ಕೆಲಸಕ್ಕೆ ಹೋಗುವ ಮುದುಕ. ತೊಗರಿ ರಾಶಿಯ ಗಡಿಬಿಡಿಯಲ್ಲಿ ಮೊದಲೇ ಬರಲಾಗದೆ ಮದುವೆಯ ದಿನವೇ ಬಂದ. ಒಮ್ಮೆಯೂ ಜೊತೆಗೆ ಬಾರಿಸಿ ನೋಡಿರಲಿಲ್ಲ. ವಾದ್ಯ ನೋಡಿ, “ಹೊಸಾದು ತಂದೀರೇನ್ರಿ? ಭಾಳ ಹೊಳಿತೈತಿ,” ಎಂದ. ನನ್ನ ಮನಸ್ಸೆಲ್ಲ ಮೂರನೇ ಸಾಲಿನಲ್ಲಿತ್ತು. ಸುಮ್ಮನೆ ತಲೆಯಾಡಿಸಿದೆ.

ಊಟದ ಪಂಕ್ತಿ ಮುಗಿದ ಮೇಲೆ ಸವಿತಾಳನ್ನು ಕಾರಿನ ಹತ್ತಿರ ಕರೆತಂದರು. ಗಂಡಿನ ಕಡೆಯ ಹುಡುಗನೊಬ್ಬ, “ಅಜ್ಜಾ, ಕತ್ತಲಾಗೂದ್ರಾಗ ಮುಗಸ್ರಿ,” ಎಂದು ಚೇಷ್ಟೆ ಮಾಡಿದ. ಕಾಲು ಊರಿ ನಿಂತು ಶುರು ಮಾಡಿದೆ. ಲಕ್ಷ್ಮಣ ನನ್ನ ಬೆನ್ನ ಹಿಂದೆ ಜನರ ನಡುವೆ ಇದ್ದ. ಮೂರನೇ ಸಾಲು ಬಂತು. ಇವತ್ತು ನಿಲ್ಲಿಸುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿದೆ. ಉಸಿರು ನಿಂತಿತು. ನಿಂತ ಅದೇ ಗಳಿಗೆಯಲ್ಲಿ, ಒಂದು ಚೂರೂ ತಡವಾಗದೆ, ಹಿಂದಿನಿಂದ ಡ್ರಮ್ಮಿನ ಕಡ್ಡಿಗಳು ಗುಡುಗುಡು ಉರುಳಿದವು. ನನ್ನ ಉಸಿರು ತೆರೆದುಕೊಂಡ ಕೂಡಲೇ ಅವೂ ಇಳಿದವು. ಅಲ್ಲೊಂದು ಬಿರುಕು ಇತ್ತೆಂದು ಯಾರಿಗೂ ತಿಳಿಯಲಿಲ್ಲ. ಸವಿತಾ ಕಣ್ಣೀರಿನಲ್ಲೇ ನನ್ನತ್ತ ತಿರುಗಿ ನಕ್ಕು ಕಾರು ಹತ್ತಿದಳು.

ಜನ ಚದುರಿದ ಮೇಲೆ ಲಕ್ಷ್ಮಣನನ್ನು ಕೇಳಿದೆ, ಅಲ್ಲಿ ತುಂಬಬೇಕೆಂದು ಯಾರು ಹೇಳಿದ್ದರು ಎಂದು. ಅವನು ತನ್ನ ಕೈಗಳನ್ನೇ ನೋಡುತ್ತಿದ್ದ.

“ಯಾರೂ ಹೇಳಿಲ್ರಿ. ಕೈ ತಾನ ಹೋತು.”

ಆಮೇಲೆ ನಿಧಾನವಾಗಿ ಹೇಳಿದ. ಜೇವರ್ಗಿಯ ಅವರ ಉಸ್ತಾದರು ಇದೇ ಧಾಟಿಯನ್ನು ಟೆನರ್‌ನಲ್ಲಿ ಊದುತ್ತಿದ್ದರಂತೆ. ಕೊನೆಕೊನೆಗೆ ಎದೆಯ ಬೇನೆ. ಮೂರನೇ ಸಾಲು ಏರುವಾಗ ಕೆಮ್ಮು ಬರುವುದು. ಹೆಣ್ಣನ್ನು ಕಳಿಸುವ ಹೊತ್ತಿನಲ್ಲಿ ಕೆಮ್ಮು ಕೇಳಿಸಬಾರದೆಂದು ಉಸ್ತಾದರು ಉಸಿರು ಹಿಡಿದು ಅದನ್ನು ನುಂಗುವರು, ಅಷ್ಟು ಹೊತ್ತು ಇವನು ಡ್ರಮ್ಮಿನಿಂದ ತುಂಬುವನು. ಧಾಟಿಯೇ ಹಾಗೆ ಎಂದು ಜನ ತಿಳಿದಿದ್ದರು. ಉಸ್ತಾದರು ತೀರಿಹೋದ ಮೇಲೆ ಬೇರೆ ಯಾರ ಜೊತೆಗೂ ಅವನು ಅಲ್ಲಿ ಹಾಗೆ ಬಾರಿಸಿರಲಿಲ್ಲ.

ವಾದ್ಯದತ್ತ ನೋಡಿ ಕೇಳಿದ: “ಹೆಬ್ಬೆರಳಿಡೂ ಕಡೆ ಒಂದು ತಾಮ್ರದ ದುಡ್ಡು ಐತೇನ್ರಿ?”

ವಾದ್ಯವನ್ನು ತಿರುಗಿಸಿ ತೋರಿಸಿದೆ. ಅವನು ಮುಟ್ಟಲಿಲ್ಲ. ಚಪ್ಪಲಿ ಬಿಟ್ಟು ನಿಂತ. ಹೊರಡುವಾಗ, “ಉಸಿರು ನಿಲ್ಲೂ ಜಾಗಾ ದಾಟಾಕ ಹೋಗಬ್ಯಾಡ್ರಿ ಸಾಹೇಬ್ರ,” ಎಂದಷ್ಟೇ ಹೇಳಿದ.

ನಾನು ಅವನ ಮಾತು ಕೇಳಲಿಲ್ಲ. ಬೇರೆ ಟೆನರ್ ಒಂದನ್ನು ಎರವಲು ತಂದು ಊದಿದೆ. ಮೂರನೇ ಸಾಲು ಅಖಂಡವಾಗಿ ಬಂತು. ಮರಳಿ ಇದನ್ನು ಎತ್ತಿಕೊಂಡರೆ ಮತ್ತೆ ಅಗಳಿ. ನಾಣ್ಯದಿಂದ ಕೈ ವಾಲಿ ಹೀಗಾಗುತ್ತದೆ ಎನ್ನೋಣವೆಂದರೆ ಉಳಿದ ಸಾಲುಗಳಿಗೆ ಯಾಕಿಲ್ಲ? ಲಕ್ಷ್ಮಣ ನನ್ನ ಭುಜ ನೋಡಿ ಊಹಿಸಿದ ಎನ್ನೋಣವೆಂದರೆ, ಉಸಿರು ಸರಿಯಾಗಿ ಯಾವ ಗಳಿಗೆಯಲ್ಲಿ ನಿಲ್ಲುತ್ತದೆಂದು ನನಗೇ ಮೊದಲು ಗೊತ್ತಾಗುವುದಿಲ್ಲ.

ಅಭ್ಯಾಸ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆಯೂ ಉಸಿರು ಅಲ್ಲೇ ನಿಂತಿತು. ಇತ್ತೀಚೆಗೆ ಗಮನಿಸಿದ್ದೇನೆ, ಆ ಹೊತ್ತಿನಲ್ಲಿ ನನ್ನ ಬಲಗಾಲು ನೆಲವನ್ನು ಒಂದೇ ಸಮ ತಟ್ಟಿ ಆ ಜಾಗ ತುಂಬುತ್ತದೆ. ಬ್ಯಾಂಡಿನಲ್ಲಿ ಕಾಲು ತಟ್ಟಿದವನಿಗೆ ಶಿಕ್ಷೆಯಾಗುತ್ತಿತ್ತು. ನಾನೆಂದೂ ತಟ್ಟಿದವನಲ್ಲ. ನಾಳೆ ಆರಕ್ಕೆ ಮತ್ತೆ ಊದುತ್ತೇನೆ. ದಾಟಬೇಕೆಂದೇ ಊದುತ್ತೇನೆ.