ಷರಾ ಇದೆ, ಮೂಲ ನೋಡಿ

ಇತಿಹಾಸ ಸಂಘದ ಗ್ರಂಥಾಲಯ ತೆರೆಯುವುದು ಮಂಗಳವಾರ ಮತ್ತು ಶನಿವಾರ ಮಾತ್ರ. ಅದೂ ಹತ್ತರಿಂದ ಒಂದರವರೆಗೆ. ಒಂದು ಎಂದರೆ ಒಂದೇ. ಹನ್ನೆರಡೂ ಮುಕ್ಕಾಲಿಗೆಲ್ಲ ಕಿಟಕಿಗಳು ಒಂದೊಂದಾಗಿ ಮುಚ್ಚತೊಡಗುತ್ತವೆ. ಕನ್ನಡಕದ ಅಂಗಡಿಯ ಮೇಲೆ ಎರಡು ಕೋಣೆ, ಹತ್ತಲು ಇಪ್ಪತ್ತೆರಡು ಮೆಟ್ಟಿಲು, ಹಿಡಿದುಕೊಳ್ಳಲು ಒಂದೇ ಬದಿಗೆ ಕಂಬಿ. ಹಳೆಯದನ್ನು ಕೆದಕುವವರಿಗೆ ಮೊದಲು ಮಂಡಿ ಗಟ್ಟಿಯಿರಲಿ ಎಂದು ಸಂಘದವರು ಬೇಕೆಂದೇ ಹೀಗೆ ಮಾಡಿರಬೇಕು. ಟೈಪಿಸ್ಟ್ ಅಕ್ಕನ ಮಂಡಿ ಗಟ್ಟಿಯಿರಲಿಲ್ಲ. ಆದರೂ ಮೂರು ತಿಂಗಳಿನಿಂದ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

ಟೈಪ್‌ರೈಟರುಗಳು ಊರಿನಿಂದ ಮಾಯವಾಗಿ ಎಷ್ಟೋ ಕಾಲವಾಗಿತ್ತು, ಅಡ್ಡಹೆಸರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಈಗ ಅರವತ್ತೆರಡು. ವಕೀಲರೊಬ್ಬರ ಕಚೇರಿಯಲ್ಲಿ ಮೂವತ್ತೈದು ವರ್ಷ ಕೂತು ಊರಿನ ಅರ್ಧ ಜನರ ಜಗಳಗಳನ್ನು ಮೂರು ಮೂರು ಪ್ರತಿಗಳಲ್ಲಿ ಟೈಪು ಮಾಡಿಕೊಟ್ಟವಳು. "ಮೂಲದ ಮೇಲೆ ಚಹಾದ ಕಲೆ ಇದ್ರೆ ಅಕ್ಕ ಅದನ್ನೂ ಪ್ರತಿಯಲ್ಲಿ ಹಾಕ್ಕೊಡ್ತಾರೆ" ಎಂದು ವಕೀಲರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಒಳಗೊಳಗೇ ಹೆಮ್ಮೆಪಡುತ್ತಿದ್ದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಮನೆಯಲ್ಲಿ ಈಗ ಅವಳು ಮತ್ತು ಎಂಬತ್ತಾರರ ಅಮ್ಮ, ಇಬ್ಬರೇ.

ಅವಳು ಹುಡುಕುತ್ತಿದ್ದದ್ದು ಅಮ್ಮನ ತಮ್ಮನನ್ನು.

ಅಮ್ಮನಿಗೆ ಆರು ವರ್ಷ, ತಮ್ಮನಿಗೆ ಎರಡು ವರ್ಷ ಇದ್ದಾಗ ನದಿ ಊರೊಳಗೆ ನುಗ್ಗಿತ್ತು. ಕೆಳಗಿನ ಬೀದಿಗಳವರನ್ನು ದೋಣಿಗಳಲ್ಲಿ ತಂದು ಶಾಲೆಯೊಂದರಲ್ಲಿ ಇಳಿಸಿದರು. ಹದಿನೆಂಟು ದಿನ ಅಲ್ಲಿಯೇ ಶಿಬಿರ. ಒಂದು ಬೆಳಿಗ್ಗೆ ಅಜ್ಜಿ ಬಟ್ಟೆ ಒಗೆಯಲು ಹೊರಟವಳು, "ತಮ್ಮನ ಕೈ ಬಿಡ್ಬೇಡ" ಎಂದು ಮಗಳಿಗೆ ಹೇಳಿ ಹೋದಳು. ಹಿಂದಿರುಗಿದಾಗ ಮಗಳು ಒಬ್ಬಳೇ ನಿಂತಿದ್ದಳು. ಜ್ವರ ಬಂದ ಮಕ್ಕಳನ್ನೆಲ್ಲ ಗಾಡಿಯಲ್ಲಿ ಹಾಕಿಕೊಂಡು ಹೋದರು, ಅದರಲ್ಲಿ ಅವನೂ ಹೋದ, ಬದುಕಲಿಲ್ಲ ಎಂದರು ಕೆಲವರು. ಯಾರೋ ಗಂಡಹೆಂಡತಿ ಎತ್ತಿಕೊಂಡು ಹೋದದ್ದನ್ನು ಕಂಡೆವು ಎಂದರು ಇನ್ನು ಕೆಲವರು. ಅಜ್ಜ ನಾಲ್ಕು ದಿನ ಅಲೆದು ಬಂದವನು, "ಇನ್ನು ಅವನ ಸುದ್ದಿ ಎತ್ತಬೇಡಿ" ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಲ್ಲಿಗೆ ಮನೆಯವರೆಲ್ಲರ ಬಾಯಿಗೆ ಬೀಗ ಬಿತ್ತು.

ಎಂಬತ್ತು ವರ್ಷ ಅಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ತನ್ನ ಬಲಗೈಯನ್ನೇ ಹಿಂದೆ ಮುಂದೆ ತಿರುಗಿಸಿ ನೋಡುತ್ತ ಕೇಳಿದಳು, "ಅವನು ಸತ್ನಾ, ಬದುಕಿದ್ನಾ? ಯಾರಾದ್ರೂ ಎಲ್ಲಾದ್ರೂ ಬರ್ದಿಟ್ಟಿರ್ತಾರಲ್ವಾ?"

ಯಾರಮ್ಮ ಅವನು ಎಂದು ಮಗಳು ಕೇಳಿದ ಮೇಲೆ ಕಥೆಯೆಲ್ಲ ಹೊರಬಂತು. ಅಂದಿನಿಂದ ಅಮ್ಮನಿಗೆ ಬೇರೆ ಯಾವುದೂ ಬೇಡವಾಯಿತು. ಔಷಧಿ ಕೊಟ್ಟರೂ ಅದೇ ಪ್ರಶ್ನೆ, ದಿಂಬು ಸರಿಮಾಡಿದರೂ ಅದೇ ಪ್ರಶ್ನೆ. ತನ್ನ ಕೈತಪ್ಪಿನಿಂದ ಅವನು ಸತ್ತನೋ, ಎಲ್ಲೋ ಒಂದು ಮನೆಯಲ್ಲಿ ಬೆಳೆದನೋ. ಅದೊಂದು ಗೊತ್ತಾಗದೆ ತಾನು ಕಣ್ಣು ಮುಚ್ಚುವುದಿಲ್ಲ ಎಂದಳು.

ಬರೆದಿಟ್ಟಿರುತ್ತಾರೆ ಎನ್ನುವುದು ಮಗಳಿಗೆ ಚೆನ್ನಾಗಿ ಗೊತ್ತಿತ್ತು. ಆ ಪುಸ್ತಕಗಳನ್ನು ಅವಳು ಕಣ್ಣಾರೆ ಕಂಡಿದ್ದಳು.

ಟೈಪಿಂಗ್ ಪರೀಕ್ಷೆ ಪಾಸಾಗಿ ಇಪ್ಪತ್ತೆರಡನೇ ವಯಸ್ಸಿಗೆ ಅವಳಿಗೆ ಸಿಕ್ಕ ಮೊದಲ ಕೆಲಸ ಇದೇ ಇತಿಹಾಸ ಸಂಘದ್ದು. ಪ್ರವಾಹದ ಶಿಬಿರದ ಆರು ದಪ್ಪ ಪುಸ್ತಕಗಳು ಶಾಲೆಯ ಅಟ್ಟದಲ್ಲಿ ಕೊಳೆಯುತ್ತಿದ್ದವು. ಸಂಘದವರು ಅವನ್ನು ತಂದು ಒಂದೊಂದು ಕುಟುಂಬಕ್ಕೆ ಒಂದೊಂದು ಕಾರ್ಡು ಮಾಡಿಸಿದರು. ಒಳಕೋಣೆಯ ಕಿಟಕಿಯ ಕೆಳಗೆ ಅವಳ ಮೇಜು. ಯಜಮಾನನ ಹೆಸರು, ಬಂದವರು ಎಷ್ಟು, ಹೊರಟವರು ಎಷ್ಟು. ದಿನಕ್ಕೆ ನಲವತ್ತು ಕಾರ್ಡು. ಬೆರಳು ಓದುತ್ತಿತ್ತು, ತಲೆ ಎಲ್ಲೋ ಇರುತ್ತಿತ್ತು. ಒಳ್ಳೆಯ ಟೈಪಿಸ್ಟಿನ ಲಕ್ಷಣವೇ ಅದು, ಓದುತ್ತ ಕೂತರೆ ನಲವತ್ತು ಆಗುತ್ತದೆಯೇ?

ಆ ದಿನಗಳಲ್ಲಿ ಒಂದು ಸಂಜೆ ಮನೆಗೆ ಬಂದು, "ಪ್ರವಾಹದ ಪುಸ್ತಕ ನಕಲು ಮಾಡಿ ಮಾಡಿ ಬೆರಳು ಬಿದ್ದುಹೋಯ್ತಮ್ಮಾ" ಎಂದಿದ್ದಳು. ಅಮ್ಮ ಒಲೆಯ ಮುಂದೆ ನಿಂತವಳು ತಿರುಗಿ ನೋಡಿರಲಿಲ್ಲ. ಈಗ ಹಾಸಿಗೆಯಲ್ಲಿ ಮಲಗಿ ಅದನ್ನೇ ಹೇಳುತ್ತಾಳೆ, "ಆವತ್ತೇ ಕೇಳ್ಬೇಕು ಅಂತ ನಾಲಿಗೆ ತುದೀಗೆ ಬಂದಿತ್ತು ಕಣೆ. ಧೈರ್ಯ ಆಗ್ಲಿಲ್ಲ."

ಗ್ರಂಥಾಲಯವನ್ನು ಈಗ ನೋಡಿಕೊಳ್ಳುವವರು ನಿವೃತ್ತ ಗಣಿತದ ಮೇಷ್ಟ್ರು. ಬಂದು ಎರಡು ವರ್ಷವಾಗಿತ್ತಷ್ಟೆ. ಸಂಬಳವಿಲ್ಲದ ಕೆಲಸವಾದ್ದರಿಂದ ಗತ್ತಿಗೆ ಏನೂ ಕಡಿಮೆಯಿರಲಿಲ್ಲ. ಚೀಲ ಹೊರಗಿಡಬೇಕು, ಪೆನ್ನು ತರಕೂಡದು, ಪೆನ್ಸಿಲ್ಲಿನಲ್ಲಿ ಮಾತ್ರ ಬರೆದುಕೊಳ್ಳಬೇಕು, ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರಬೇಕು. ಅಕ್ಕ ಮೊದಲ ದಿನವೇ ಮೂಲ ಪುಸ್ತಕ ಕೇಳಿದ್ದಳು.

"ಕಾರ್ಡಿನ ನಂಬರು ತನ್ನಿ, ಪುಸ್ತಕ ತರ್ತೀನಿ. ನಂಬರಿಲ್ದೆ ಕಪಾಟು ತೆಗೆಯೋ ಹಾಗಿಲ್ಲ" ಎಂದಿದ್ದರು ಮೇಷ್ಟ್ರು.

"ಆ ಕಾರ್ಡುಗಳನ್ನ ಮಾಡಿದ್ದೇ ನಾನು ಸಾರ್."

"ಹಾಗಾದ್ರೆ ಇನ್ನೂ ಸುಲಭ. ಹುಡುಕಿ."

ಸುಲಭವೇನೂ ಆಗಲಿಲ್ಲ. ಅಜ್ಜನ ಹೆಸರಿನಲ್ಲಿ ಕಾರ್ಡೇ ಇರಲಿಲ್ಲ. ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದಳು, ಆಸ್ಪತ್ರೆಯ ವರದಿ ನೋಡಿದಳು, ಶಾಲೆಯ ನೂರನೇ ವರ್ಷದ ಸ್ಮರಣ ಸಂಚಿಕೆಯಲ್ಲಿ ಬರೀ ಅಧ್ಯಕ್ಷರ ಫೋಟೋಗಳನ್ನು ಕಂಡು ಮುಚ್ಚಿಟ್ಟಳು. ಮೂರು ತಿಂಗಳು ಬರಿಗೈಯಲ್ಲಿ ಮನೆಗೆ ಹೋದಳು. ಪ್ರತಿ ಸಲವೂ ಅಮ್ಮ ಬಾಗಿಲ ಕಡೆ ಕತ್ತು ಹೊರಳಿಸಿ, "ಸಿಕ್ತಾ?" ಎನ್ನುತ್ತಿದ್ದಳು.

ಹೋದ ಭಾನುವಾರ ಅಮ್ಮನಿಗೆ ಹಾಲಿನಲ್ಲಿ ಬ್ರೆಡ್ಡು ಅದ್ದಿ ಕೊಡುತ್ತಿದ್ದಾಗ, ಅವಳು ಅಗಿಯುವುದನ್ನು ನಿಲ್ಲಿಸಿದಳು. "ಶಿಬಿರದಲ್ಲಿ ಬ್ರೆಡ್ಡು ಕೊಡೋವಾಗ ದೊಡ್ಡಪ್ಪನ ಹೆಸರು ಕೂಗ್ತಿದ್ರು. ನಾವೆಲ್ಲ ಅವನ ಹಿಂದೆ ಸಾಲಾಗಿ ನಿಲ್ತಿದ್ವಿ." ಆಮೇಲೆ ಆ ಹೆಸರನ್ನು, ಎಂಬತ್ತು ವರ್ಷದ ಹಿಂದೆ ಯಾರೋ ಕೂಗಿದ ಧಾಟಿಯಲ್ಲಿಯೇ, ಜೋರಾಗಿ ಕೂಗಿದಳು. ಮಗಳು ಅಮ್ಮನ ದೊಡ್ಡಪ್ಪನನ್ನು ಕಂಡವಳಲ್ಲ, ಹೆಸರು ಕೇಳಿದವಳೂ ಅಲ್ಲ. ಮನೆಯಲ್ಲಿ ಹಿರಿಯ ಅವನಾದ್ದರಿಂದ ಅಣ್ಣತಮ್ಮಂದಿರ ಎರಡು ಸಂಸಾರವನ್ನೂ ಅವನ ಹೆಸರಿಗೇ ಬರೆದುಕೊಂಡಿದ್ದರು.

ಮಂಗಳವಾರ ಬಾಗಿಲು ತೆರೆಯುವ ಮೊದಲೇ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು.

ಕಾರ್ಡು ಮೂರನೇ ಸಾಲಿನ ಖಾನೆಯಲ್ಲಿತ್ತು. ಹತ್ತು ನಿಮಿಷವೂ ಬೇಕಾಗಲಿಲ್ಲ. ಕೈಗೆತ್ತಿಕೊಂಡ ಕೂಡಲೇ ತನ್ನ ಹಳೆಯ ಮೆಷಿನ್ನಿನ ಗುರುತು ಸಿಕ್ಕಿತು; ಅದರಲ್ಲಿ "ರ" ಯಾವಾಗಲೂ ಸಾಲಿಗಿಂತ ಒಂದು ಕೂದಲೆಳೆ ಮೇಲೆ ಕೂರುತ್ತಿತ್ತು. ದೊಡ್ಡಪ್ಪನ ಹೆಸರು. ಬಂದವರು: ಒಂಬತ್ತು. ಹೊರಟವರು: ಎಂಟು. ಅದರ ಕೆಳಗೆ ಒಂದು ಸಾಲು: ಷರಾ ಇದೆ, ಮೂಲ ನೋಡಿ.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಷರಾ ಇದೆ! ಮೂಲ ಪುಸ್ತಕದ ಕೊನೆಯ ಅಂಕಣದಲ್ಲಿ ಶಿಬಿರದ ಗುಮಾಸ್ತ ಆ ಒಬ್ಬನಿಗೆ ಏನಾಯಿತೆಂದು ಬರೆದಿದ್ದಾನೆ. ಸತ್ತಿದ್ದರೆ ಸತ್ತ ಎಂದು, ಯಾರಿಗಾದರೂ ಒಪ್ಪಿಸಿದ್ದರೆ ಅವರ ವಿಳಾಸ. ಅದನ್ನು ಕಾರ್ಡಿನ ಮೇಲೆ ಹಾಕದಿದ್ದಕ್ಕೂ ಕಾರಣವಿತ್ತು. ಆಗಿನ ಕಾರ್ಯದರ್ಶಿಗಳು ಬಹಳ ನಾಜೂಕಿನವರು. ಸತ್ತವರ, ಓಡಿಹೋದವರ, ತಲೆಕೆಟ್ಟವರ ವಿಷಯ ಕಂಡಕಂಡವರು ಓದುವ ಕಾರ್ಡಿನ ಮೇಲೆ ಬೇಡ, ಮನೆತನಗಳ ಮಾನದ ಪ್ರಶ್ನೆ, ಬೇಕಾದವರು ಮೂಲ ನೋಡಿಕೊಳ್ಳಲಿ ಎಂದಿದ್ದರು. ಸಮಿತಿ ಅದಕ್ಕೆ ಠರಾವು ಮಾಡಿತ್ತು.

"ಸಾರ್, ನಂಬರು" ಎಂದಳು ಅಕ್ಕ. ಅವಳ ದನಿ ಕೇಳಿ ಮೇಷ್ಟ್ರು ಕೂಡಲೇ ಎದ್ದರು.

ಕಪಾಟಿನ ಬೀಗ ತೆಗೆದ ಸದ್ದಾಯಿತು. ಆಮೇಲೆ ಇನ್ನೊಂದು ಕಪಾಟಿನದು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮೇಷ್ಟ್ರು ಹೊರಬಂದಾಗ ಅವರ ಕೈಯಲ್ಲಿದ್ದದ್ದು ಪುಸ್ತಕವಲ್ಲ, ಒಂದು ತೆಳು ಫೈಲು. ಗತ್ತೆಲ್ಲ ಇಳಿದುಹೋಗಿತ್ತು.

"ಕೂತ್ಕೊಳ್ಳಿ ಅಕ್ಕ."

"ಕೂತೇ ಇದ್ದೀನಲ್ಲ ಸಾರ್."

"ಹೌದಲ್ಲ." ಅವರೇ ಕೂತರು. "ಆ ಪುಸ್ತಕಗಳು ಇಲ್ಲ. ಗೆದ್ದಲು ಬೇರೆಯವಕ್ಕೂ ಹತ್ತುತ್ತೆ ಅಂತ, ನಕಲು ಮುಗಿದ ಪುಸ್ತಕಗಳನ್ನ ರದ್ದಿಗೆ ಹಾಕೋಕೆ ಠರಾವಾಗಿದೆ. ಆರೂ ಹೋಗಿವೆ. ನಲವತ್ತು ವರ್ಷ ಆಯ್ತು."

ಫೈಲಿನಲ್ಲಿ ಎರಡು ಠರಾವುಗಳೂ ಇದ್ದವು, ಒಂದರ ಹಿಂದೆ ಒಂದು. ಷರಾ ಇರುವಲ್ಲಿ ಮೂಲ ನೋಡಿ ಎಂದು ಬರೆಯತಕ್ಕದ್ದು. ನಕಲಾದ ಮೂಲವನ್ನು ವಿಲೇವಾರಿ ಮಾಡತಕ್ಕದ್ದು. ಐದು ವಾರಗಳ ಅಂತರದಲ್ಲಿ ನಡೆದ ಎರಡು ಸಭೆ, ಮೇಜಿನ ಸುತ್ತ ಹನ್ನೊಂದು ಮಂದಿ ತಿಳಿದವರು. ಒಬ್ಬನಿಗಾದರೂ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕೆನಿಸಲಿಲ್ಲ. ಅವರನ್ನು ಬೈದು ಏನು ಪ್ರಯೋಜನ? ಎರಡೂ ಕಾಗದಗಳಲ್ಲಿ "ರ" ಒಂದು ಕೂದಲೆಳೆ ಮೇಲೆ ಕೂತಿತ್ತು. ಎರಡನ್ನೂ ಟೈಪು ಮಾಡಿದವಳು ಅವಳೇ. ಮೂರನೆಯ ಹಾಳೆಯಲ್ಲಿ ಆರು ಪುಸ್ತಕಗಳ ಪಟ್ಟಿ, ಪ್ರತಿಯೊಂದರ ಎದುರೂ "ನಕಲು ಮುಗಿದಿದೆ, ತಪ್ಪಿಲ್ಲ" ಎಂಬ ಬರಹ, ಕೆಳಗೆ ಅವಳ ಸಹಿ. ಇಪ್ಪತ್ತೆರಡು ವರ್ಷದವಳ ಸಹಿ, ಬಾಲ ಎಳೆದು ಅಡಿಯಲ್ಲಿ ಎರಡು ಚುಕ್ಕೆ ಇಟ್ಟದ್ದು.

ತಪ್ಪಿರಲಿಲ್ಲ, ನಿಜ. ಒಂದು ಚುಕ್ಕೆಯೂ ತಪ್ಪಿರಲಿಲ್ಲ.

ಅವಳು ಕಣ್ಣು ಮುಚ್ಚಿ ಕುಳಿತಳು. ಷರಾ ಇದೆ ಎಂದು ಟೈಪು ಮಾಡಬೇಕಾದರೆ ಷರಾ ಕಂಡಿರಲೇಬೇಕು. ಇದೇ ಕಿಟಕಿಯ ಬೆಳಕಿನಲ್ಲಿ, ಇದೇ ಕಣ್ಣುಗಳಿಂದ, ತನ್ನ ಸೋದರಮಾವನಿಗೆ ಏನಾಯಿತೆಂದು ಬರೆದಿದ್ದ ಆ ಸಾಲನ್ನು ನೋಡಿದ್ದಳು. ಹಾಳೆಯ ಬಣ್ಣ ನೆನಪಾಯಿತು. ಗುಮಾಸ್ತನ ವಾಲು ಅಕ್ಷರ ನೆನಪಾಯಿತು. ಆ ವರ್ಷ ಕೆಳಗಿನ ಅಂಗಡಿಯಲ್ಲಿ ಕನ್ನಡಕವಿರಲಿಲ್ಲ, ಛತ್ರಿ ರಿಪೇರಿ ಮಾಡುತ್ತಿದ್ದರು ಎನ್ನುವುದೂ ನೆನಪಾಯಿತು. ಆ ಸಾಲು ಮಾತ್ರ ಬರಲಿಲ್ಲ. ತಲೆ ಚಚ್ಚಿಕೊಂಡರೂ ಬರುವ ಹಾಗಿರಲಿಲ್ಲ.

ಅವಳು ಹಾಗೆಯೇ ಕೂತಿದ್ದಳು; ಒಂದು ಗಂಟೆ ಹೊಡೆದು ಕಾಲು ಗಂಟೆಯಾದರೂ ಮೇಷ್ಟ್ರು ಕಿಟಕಿ ಮುಚ್ಚಲಿಲ್ಲ. ಅವರ ಕೈಯಲ್ಲಿ ಮಾಡಲಾಗುತ್ತಿದ್ದ ಉಪಕಾರ ಅದೊಂದೇ. ಅವಳೇ ಎದ್ದು, ಕಾರ್ಡನ್ನು ಇದ್ದ ಜಾಗದಲ್ಲಿಯೇ ಸರಿಯಾಗಿ ಸಿಕ್ಕಿಸಿ, ಕಂಬಿ ಹಿಡಿದು ಕೆಳಗಿಳಿದಳು.

ದಾರಿಯುದ್ದಕ್ಕೂ ಒಂದು ಸುಳ್ಳನ್ನು ಸಿದ್ಧ ಮಾಡಿಕೊಂಡಳು. ಒಳ್ಳೆಯ ಮನೆಯವರು ಕರೆದುಕೊಂಡು ಹೋದರಂತೆ ಅಮ್ಮಾ, ಬರೆದಿದೆ. ಇಷ್ಟೇ ಸಾಕು, ಮುದುಕಿ ಹಗುರಾಗುತ್ತಾಳೆ. ಆದರೆ ಮೂಲದಲ್ಲಿ ಇಲ್ಲದ್ದನ್ನು ಹುಟ್ಟಿಸಿ ಗೊತ್ತಿರದ ಜೀವ ಅದು. ಬಾಗಿಲು ದೂಡಿದಾಗ ಅಮ್ಮ ಕತ್ತು ಹೊರಳಿಸಿದಳು.

"ಸಿಕ್ತಾ?"

"ಬರ್ದಿದ್ರು ಅಮ್ಮಾ. ಆ ಪುಸ್ತಕ ಈಗಿಲ್ಲ."

"ಯಾರೂ ಓದಿಲ್ವಾ ಅದನ್ನ?"

ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತಳು. "ನಾನೇ ಓದಿದ್ದೆ. ಆವಾಗ, ನಕಲು ಮಾಡೋವಾಗ. ಏನಿತ್ತು ಅಂತ ನೆನಪಿಲ್ಲ ಅಮ್ಮಾ. ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ದುಃಖ ಒತ್ತರಿಸಿ ಬಂತು.

ಅಮ್ಮ ಬೈಯಲಿಲ್ಲ. ಮಗಳ ಮುಖವನ್ನೇ ನೋಡುತ್ತ ಏನೋ ಲೆಕ್ಕ ಹಾಕುತ್ತಿದ್ದಳು. ಆಮೇಲೆ ಆ ಬಲಗೈಯನ್ನು ಚಾಚಿ ಮಗಳ ಮಣಿಕಟ್ಟನ್ನು ಹಿಡಿದುಕೊಂಡಳು. ಹಾಸಿಗೆ ಹಿಡಿದ ಮುದುಕಿಯ ಕೈಯಲ್ಲಿ ಅಷ್ಟು ಬಿಗಿ ಎಲ್ಲಿತ್ತೋ.

"ಎರಡು ವರ್ಷದ ಕೂಸು ಸತ್ತುಹೋಯ್ತು ಅಂತ ಓದಿದ್ರೆ ನಿಂಗೆ ಅಳು ಬರ್ತಿತ್ತಲ್ವೇನೆ? ಸಣ್ಣವಳಿದ್ದಾಗ ಬೆಕ್ಕಿನ ಮರಿ ಸತ್ರೂ ಊಟ ಬಿಡ್ತಿದ್ದೆ ನೀನು. ಅಲ್ಲಿ ಕೂತು ಅತ್ತಿದ್ದು ನೆನಪಿದೆಯಾ?"

"ಇಲ್ಲ ಅಮ್ಮಾ."

"ಒಂದು ದಿನಾನೂ?"

"ಒಂದು ದಿನಾನೂ ಅತ್ತಿಲ್ಲ."

ಅಮ್ಮನ ಮುಖ ಅರಳಿತು. ವರ್ಷದಿಂದ ಕಾಣದಿದ್ದ ನೆಮ್ಮದಿ ಅದರಲ್ಲಿ ಮೂಡಿತು. "ಮತ್ತೆ! ಸತ್ತಿಲ್ಲ ಅವನು. ಸತ್ತಿದ್ರೆ ನೀನು ಅಳದೆ ಇರ್ತಿದ್ಯಾ?"

ಆ ಆರು ಪುಸ್ತಕಗಳಲ್ಲಿ ಜ್ವರದಿಂದ ಸತ್ತ ಮಕ್ಕಳ ಷರಾಗಳು ನೂರಾರಿದ್ದವು. ಎರಡು ವರ್ಷದವು, ಒಂದು ವರ್ಷದವು, ಹೆಸರಿಡುವ ಮೊದಲೇ ಹೋದವು. ಅವನ್ನೆಲ್ಲ ಮಗಳು ದಿನಕ್ಕೆ ನಲವತ್ತರ ಲೆಕ್ಕದಲ್ಲಿ ದಾಟಿಕೊಂಡು ಹೋಗಿ, ಮಧ್ಯಾಹ್ನ ಅದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ಉಂಡಿದ್ದಳು. ಇದನ್ನು ಅಮ್ಮನಿಗೆ ಯಾವ ಬಾಯಲ್ಲಿ ಹೇಳುವುದು?

"ಬದುಕಿದ್ದ ಅಂದ್ಮೇಲೆ ಎಲ್ಲಾದ್ರೂ ಬರ್ದಿರ್ಲೇಬೇಕು" ಎಂದಳು ಅಮ್ಮ, ಮಣಿಕಟ್ಟು ಬಿಡದೆ. "ಇನ್ನು ಯಾವಾಗ ತೆಗೀತಾರೆ ಅಲ್ಲಿ?"

"ಶನಿವಾರ."

"ಹೋಗಿ ಹುಡುಕು."

"ಹೂಂ ಅಮ್ಮಾ" ಎಂದಳು ಅವಳು.