ಜಾನಕಿಬಾಯಿಯ ಸೈಂಧವದ ಡಬ್ಬಿ

ಏ, ಎದುರು ಕಟ್ಟಿ ಮ್ಯಾಗ ಕುಂತವರಾ! ನಿಮ್ಮ ಹರಟಿ ಸಾಕು, ಇತ್ತ ಕಿವಿ ಕೊಡ್ರಿ. ಮಾನ್ವಿಯ ವಿಜಯಾಬಾಯಿ ಟೀಚರ್‌ಗೆ ತಲಿ ಕೆಟ್ಟ ದಿನದ ಕಥಿ ಹೇಳ್ತೀನಿ.

೧೯೭೯ರ ಮಾತು. ಶಾಲೆಯಲ್ಲಿ ನಲವತ್ತು ಹುಡುಗಿಯರನ್ನು ಒಂದು ನೋಟದಲ್ಲೇ ಸುಮ್ಮನಾಗಿಸುತ್ತಿದ್ದ ವಿಜಯಾಬಾಯಿಗೆ ಮನೆಯಲ್ಲಿ ಒಬ್ಬ ಅತ್ತೆ ಬಗ್ಗುತ್ತಿರಲಿಲ್ಲ. ಗಂಡ ಗುರುರಾಜನಿಗೆ ದೇವದುರ್ಗದಲ್ಲಿ ಗುಮಾಸ್ತಿಕೆ. ಶನಿವಾರ ಬಂದು, ತಾಯಿಯನ್ನು ಮಾತಾಡಿಸಿ, ಸೋಮವಾರ ಹೋಗುವವನು. ಉಳಿದದ್ದೆಲ್ಲ ಇವಳ ತಲೆಗೆ.

ಅತ್ತೆ ಜಾನಕಿಬಾಯಿಯ ಹೃದಯ ಸೋತಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಅಡ್ಡಾದರೆ ಉಸಿರು ಕಟ್ಟುವುದೆಂದು ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ. ಊದಿದ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಕುಳಿ ಹಾಗೇ ಉಳಿಯುತ್ತಿತ್ತು. ರಾಯಚೂರಿನ ಡಾಕ್ಟರು ಎರಡು ಗುಳಿಗೆ ಬರೆದರು, ಒಂದು ಹೃದಯಕ್ಕೆ, ಇನ್ನೊಂದು ಮೈಯಲ್ಲಿನ ನೀರು ಇಳಿಸಲು.

"ಉಪ್ಪು ಬಂದ್," ಎಂದರು. "ಉಪ್ಪು ತಿಂದಷ್ಟು ನೀರು ನಿಲ್ತದ. ಕಾಲಾಗಿನ ನೀರು ಎದಿಗೇರಿದ್ರ ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲ."

ವಿಜಯಾಬಾಯಿ ಉಪ್ಪಿನಕಾಯಿ ಭರಣಿ, ಹಪ್ಪಳ, ಸಂಡಿಗೆ ಎಲ್ಲವನ್ನೂ ಹಾಲು ತರುವ ಬಂಡೆಮ್ಮನಿಗೆ ಕೊಟ್ಟುಬಿಟ್ಟಳು. ಎರಡು ತಿಂಗಳು ಕಳೆದರೂ ಬಾವು ಇಳಿಯಲಿಲ್ಲ. ಮೂರನೇ ಸಲ ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದಳು. ಊರು ದಾಟುತ್ತಲೇ ಒಮ್ಮೆ, ಕಲ್ಮಲದಲ್ಲೊಮ್ಮೆ ಅತ್ತೆಗೆ ನೀರಿನ ಗುಳಿಗೆಯಿಂದ ಮೂತ್ರದ ಅವಸರ, ಬಸ್ಸು ನಿಲ್ಲಿಸಬೇಕಾಯಿತು. ಕಂಡಕ್ಟರನ ಗೊಣಗಾಟವನ್ನು ಕೇಳಿಸಿಕೊಂಡವಳು ಸೊಸೆ.

ಡಾಕ್ಟರು ಕಾಲು ಒತ್ತಿ ನೋಡಿ ಇವಳತ್ತ ತಿರುಗಿದರು. "ಮನಿಯಾಗ ಅಡಿಗಿ ಯಾರು ಮಾಡ್ತಾರ?"

"ನಾನೇರಿ."

"ಓದಿದವರು ನೀವು. ಒಂದು ಮಾತು ತಿಳಿಯಂಗಿಲ್ಲೇನು? ಹಿಂಗಾದ್ರ ಈ ಜೀವ ಉಳಿಯಂಗಿಲ್ರಿ."

ಹಿಂದಿರುಗುವ ಬಸ್ಸಿನಲ್ಲಿ ವಿಜಯಾಬಾಯಿ ಎರಡು ತಿಂಗಳ ಅಡಿಗೆಯನ್ನೆಲ್ಲ ಬೆರಳೆಣಿಸಿ ನೋಡಿದಳು, ಎಲ್ಲೂ ಉಪ್ಪಿಲ್ಲ.

ಮನೆಗೆ ಬಂದೊಡನೆ ಜಾನಕಿಬಾಯಿ ಸ್ನಾನ ಮಾಡಿ, ಮಡಿಯುಟ್ಟು, ದೇವರ ಮನೆಯ ಬಾಗಿಲಲ್ಲಿ ಮೊಸರವಲಕ್ಕಿ ಇಟ್ಟುಕೊಂಡು ಕೂತರು. ಹಾದುಹೋಗುತ್ತಿದ್ದ ಸೊಸೆಯ ಕಣ್ಣಿಗೆ ಅದು ಬಿತ್ತು. ದೇವರ ಪೆಟ್ಟಿಗೆಯ ಹಿಂದಿನಿಂದ ಪುಟ್ಟ ಹಿತ್ತಾಳೆ ಡಬ್ಬಿ ತೆಗೆದು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಿದ್ದಾರೆ!

"ಅತ್ಯಾ! ಏನದು?"

"ಸೈಂಧವ."

"ಅಂದ್ರ ಉಪ್ಪು!"

"ಉಪ್ಪು ಎಲ್ಲದ? ಏಕಾದಶಿ ಫಲಾಹಾರಕ್ಕ ನಡೀತದ. ಉಪ್ಪಾಗಿದ್ರ ನಡೀತಿತ್ತೇನು? ಡಾಕ್ಟರ್ ಉಪ್ಪು ಬ್ಯಾಡ ಅಂದ, ನಾ ಉಪ್ಪು ಮುಟ್ಟಿಲ್ಲ."

"ಎಷ್ಟು ದಿನ ಆತು ಇದು?"

"ಮೊದಲಿಂದನೂ."

ವಿಜಯಾಬಾಯಿ ಕೈ ಚಾಚಿದಳು. "ಮುಟ್ಟಬ್ಯಾಡ! ಬಸ್ಸಿನ ಮೈಲಿಗಿ," ಎಂದು ಅತ್ತೆ ಡಬ್ಬಿಯನ್ನು ಎದೆಗವಚಿಕೊಂಡರು.

ವಿಜಯಾಬಾಯಿ ಬಾವಿಗೆ ಹೋಗಿ ಎರಡು ಕೊಡ ನೀರು ಸುರಿದುಕೊಂಡು, ತೊಟ್ಟಿಕ್ಕುವ ಸೀರೆಯಲ್ಲೇ ಬಂದು ನಿಂತಳು. "ಈಗ ಮಡಿ ಆತಲ್ಲ? ಕೊಡ್ರಿ. ದೇವರಿಗೆ ನಡೀತದ, ಏಕಾದಶಿಗೆ ನಡೀತದ, ನಿಮ್ಮ ಎದಿಗೆ ನಡಿಯಂಗಿಲ್ಲ!"

"ನಿನ್ನ ಸಾರು ಮಣ್ಣು ತಿಂದಂಗ ಆಗ್ತದ, ವಿಜಯಾ."

"ನಾನೂ ಅದನ್ನ ಉಣ್ಲಿಕತ್ತೀನಿ! ಎರಡು ತಿಂಗಳಾತು!"

ಮಡಿಯಲ್ಲಿ ಮೊದಲು ಉಂಡು ಏಳುವ ಜಾನಕಿಬಾಯಿ ಸೊಸೆಯ ಊಟ ನೋಡಿದವರೇ ಅಲ್ಲ. "ನೀನೂ ಸಪ್ಪಗ ಉಣ್ತೀ?"

"ಮತ್ತ? ಎರಡು ಪಾತ್ರಿ ಇಟ್ಟೀನೇನು ನಾನು?"

ಮುದುಕಿ ಮೊಸರವಲಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಹುಚ್ಚಿ," ಎಂದು ಡಬ್ಬಿ ಮುಂದೆ ನೂಕಿದರು. "ಒಯ್ಯಿ. ನಾಳಿ ಸಾರಿಗೆ ನಿಂಬಿಹಣ್ಣರ ಹಿಂಡು."

ಸಂಜೆ ಹಾಲು ತಂದ ಬಂಡೆಮ್ಮ, ಸೈಂಧವ ಕಟ್ಟಿಕೊಟ್ಟ ಪೊಟ್ಟಣ ಮೂಸಿ ನಕ್ಕಳು. "ಏನ್ರೀ ಬಾಯಾರ, ದೇವರ ಮನಿನೂ ಖಾಲಿ ಮಾಡಾಕತ್ತೀರೇನು?"

"ನಿನ್ನ ಎಮ್ಮಿಗೆ ಹಾಕು. ಅದರ ಎದಿ ಗಟ್ಟಿ ಅದ."

ಆಮೇಲೆ ಅತ್ತೆಗೆ ಗುಳಿಗೆ ಕೊಟ್ಟು, ದಿಂಬು ಸರಿಮಾಡಿ, ಡಬ್ಬಿ ತೊಳೆಯಲು ಹಿತ್ತಲಿಗೆ ಹೋದಳು. ತಳದಲ್ಲಿ ನಾಲ್ಕು ಹರಳು ಅಂಟಿದ್ದವು. ಸುತ್ತ ಯಾರೂ ಇಲ್ಲವೆಂದು ನೋಡಿ, ಬೆರಳಿಂದ ಒರೆಸಿ ನೆಕ್ಕಿದಳು.